ಕರ್ಲಿಂಗ್ ಮನೆತನದಲ್ಲಿ ಹುಟ್ಟದ ಹುಡುಗಿ ಸ್ಪರ್ಧೆಗೆ ಇಳಿಯಬಹುದೇ?

ಪ್ರಶ್ನೆ: ನಾವು ಹಾಸನದ ಕಡೆಯವರು, ಕೆಲವು ವರ್ಷಗಳಿಂದ ಕೆನಡಾದ ಕ್ಯಾಲ್ಗರಿಯಲ್ಲಿದ್ದೇವೆ. ಹದಿಮೂರು ವರ್ಷದ ಮಗಳು ಶಾಲೆಯ ಮೂಲಕ ಕರ್ಲಿಂಗ್, ಅಂದರೆ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಚೆ ತುದಿಯ ವೃತ್ತದ ನಡುವಿಗೆ ಸೇರಿಸುವ ಆಟ, ಕಲಿತಳು. ಈಗ ಮಾತೆತ್ತಿದರೆ ಅದೇ. ಮುಂದಿನ ಚಳಿಗಾಲದಲ್ಲಿ 18ರೊಳಗಿನವರ ಸ್ಪರ್ಧಾ ತಂಡ ಸೇರುತ್ತೇನೆ ಎನ್ನುತ್ತಾಳೆ. ಓದಿ ನೋಡಿದರೆ ದೊಡ್ಡ ಆಟಗಾರ್ತಿಯರೆಲ್ಲ ಕರ್ಲಿಂಗ್ ಆಡುವ ಮನೆಗಳಿಂದಲೇ ಬಂದಂತೆ ಕಾಣುತ್ತದೆ. ನಮ್ಮ ಮನೆಯಲ್ಲಿ ಯಾರಿಗೂ ಮಂಜುಗಡ್ಡೆಯ ಮೇಲೆ ನೆಟ್ಟಗೆ ನಿಲ್ಲಲೂ ಬರುವುದಿಲ್ಲ. ಅವಳಿಗೆ ತಡವಾಯಿತೇ? ಈ ಆಟದಲ್ಲಿ ಅವಳಿಗೆ ಅಂಥದ್ದೇನು ಕಾಣುತ್ತಿದೆ? ಓದಿಗೆ ಪೆಟ್ಟು ಬೀಳುವುದಿಲ್ಲವೇ? ಆಟ ಗೊತ್ತಿಲ್ಲದ ನಾವು ಏನು ಮಾಡಬೇಕು?

ಉತ್ತರ: ತಡವಾಗಿಲ್ಲ. ಹದಿಮೂರು ಈ ಆಟಕ್ಕೆ ಒಳ್ಳೆಯ ವಯಸ್ಸು. ಕೆನಡಾದ ಕ್ಲಬ್ಬುಗಳಲ್ಲಿ ಆರೇಳು ವರ್ಷದ ಮಕ್ಕಳು ಅರ್ಧ ತೂಕದ ಕಲ್ಲುಗಳಿಂದ ಕಲಿಯಲು ಶುರು ಮಾಡುತ್ತಾರೆ, ನಿಜ. ಆದರೆ ಪೂರ್ತಿ ತೂಕದ ಕಲ್ಲು, ಅಂದರೆ 17ರಿಂದ 20 ಕಿಲೋ ತೂಗುವ ಗ್ರಾನೈಟು, ಕೈಗೆ ಬರುವ ಹೊತ್ತಿಗೆ ಎಲ್ಲರೂ ಹೆಚ್ಚುಕಡಿಮೆ ಹೊಸದಾಗಿಯೇ ಕಲಿಯಬೇಕಾಗುತ್ತದೆ. ಕಿರಿಯರಿಗೆ ಕಲಿಸುವವನಾಗಿ ನಾನು ಕಂಡಂತೆ, ಹನ್ನೆರಡು-ಹದಿಮೂರಕ್ಕೆ ಬಂದು ಹದಿನಾರರ ಹೊತ್ತಿಗೆ ಮುಂಚೂಣಿಗೆ ನಿಂತ ಮಕ್ಕಳು ಕಡಿಮೆಯೇನಲ್ಲ.

ಮನೆತನದ ವಿಷಯಕ್ಕೆ ಬರೋಣ. ನಿಮ್ಮ ಮನಸ್ಸಿನಲ್ಲಿರುವುದು ಬಹುಶಃ ಈವ್ ಮ್ಯೂರ್‌ಹೆಡ್ ಅವರಂಥವರ ಕಥೆ. 1990ರಲ್ಲಿ ಹುಟ್ಟಿ ಸ್ಕಾಟ್ಲೆಂಡಿನ ಬ್ಲೇರ್ ಆಥೋಲ್ ಎಂಬ ಹಳ್ಳಿಯ ಕಡೆ, ಕುರಿ ಸಾಕುವ ಕುಟುಂಬದಲ್ಲಿ ಬೆಳೆದವರು. ತಂದೆ ಗಾರ್ಡನ್ ಮ್ಯೂರ್‌ಹೆಡ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದ ಆಟಗಾರ. ಅಣ್ಣ ತಮ್ಮಂದಿರಾದ ಗ್ಲೆನ್, ಥಾಮಸ್ ಇಬ್ಬರೂ 2018ರ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಪುರುಷರ ತಂಡದಲ್ಲಿದ್ದರು. ಹತ್ತಿರದ ಪಿಟ್ಲಾಖ್ರಿಯಲ್ಲೇ ಕರ್ಲಿಂಗ್ ರಿಂಕ್, ಅಂದರೆ ಮಂಜುಗಡ್ಡೆಯ ಅಂಕಣ, ಇತ್ತು. ಈವ್ ನಾಲ್ಕು ಬಾರಿ ವಿಶ್ವ ಜೂನಿಯರ್ ಪ್ರಶಸ್ತಿ ಗೆದ್ದರು. ಹತ್ತೊಂಬತ್ತನೆಯ ವಯಸ್ಸಿಗೆ, 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ತಂಡದ ಸ್ಕಿಪ್, ಅಂದರೆ ನಾಯಕಿ, ಆಗಿ ನಿಂತರು. 2013ರಲ್ಲಿ ವಿಶ್ವ ಚಾಂಪಿಯನ್ ಆದರು. ಇಷ್ಟನ್ನೇ ಓದಿದರೆ ಎಲ್ಲವೂ ರಕ್ತದಲ್ಲಿ ಬಂದದ್ದು ಎಂದು ಯಾರಿಗಾದರೂ ಅನಿಸುತ್ತದೆ.

ಇದೇ ಕಥೆಯನ್ನು ಇನ್ನೊಂದು ಕಡೆಯಿಂದ ನೋಡಿ. ಈವ್ ಒಳ್ಳೆಯ ಗಾಲ್ಫ್ ಆಟಗಾರ್ತಿಯೂ ಆಗಿದ್ದರು. ಅಮೆರಿಕದಲ್ಲಿ ಗಾಲ್ಫ್ ವಿದ್ಯಾರ್ಥಿವೇತನ ಪಡೆದು ಓದುವ ಅವಕಾಶ ಬಂದಿತ್ತು; ಅದನ್ನು ಬಿಟ್ಟು ಕರ್ಲಿಂಗ್ ಹಿಡಿದರು. 2014ರಲ್ಲಿ ಸೋಚಿ ಒಲಿಂಪಿಕ್ಸ್‌ನಲ್ಲಿ ಕಂಚು ಬಂತು. 2018ರಲ್ಲಿ ಕಂಚಿನ ಪಂದ್ಯದ ಕೊನೆಯ ಕಲ್ಲು ಅವರ ಕೈಯಲ್ಲೇ ಇತ್ತು. ಗೆಲುವನ್ನೇ ಗುರಿಯಾಗಿಟ್ಟು ಹೊಡೆದ ಆ ಹೊಡೆತ ಕೈಕೊಟ್ಟಿತು, ಪದಕ ಜಪಾನಿನ ಪಾಲಾಯಿತು. ಅದೇ ವರ್ಷ ಸೊಂಟದ ಶಸ್ತ್ರಚಿಕಿತ್ಸೆ. 2021ರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ನಿಮ್ಮ ಕ್ಯಾಲ್ಗರಿಯಲ್ಲೇ, ಕೋವಿಡ್ ಕಾರಣಕ್ಕೆ ಪ್ರೇಕ್ಷಕರಿಲ್ಲದ ಅಂಕಣದಲ್ಲಿ. ಅಲ್ಲಿ ಮೊದಲ ಆರರೊಳಗೆ ಬರಲಾಗದೆ ಒಲಿಂಪಿಕ್ಸ್‌ಗೆ ನೇರ ಪ್ರವೇಶ ತಪ್ಪಿತು. ಆ ವರ್ಷದ ಡಿಸೆಂಬರಿನಲ್ಲಿ ಅರ್ಹತಾ ಪಂದ್ಯಾವಳಿ ಆಡಿ 2022ರ ಬೀಜಿಂಗ್ ಒಲಿಂಪಿಕ್ಸ್ ಸೇರಿದರು. ಅಲ್ಲಿ ಲೀಗ್ ಹಂತದಲ್ಲಿ ಐದು ಗೆಲುವು, ನಾಲ್ಕು ಸೋಲು. ಬ್ರಿಟನ್, ಜಪಾನ್, ಕೆನಡಾ ಮೂರೂ ಸಮಸಮ. ಸೆಮಿಫೈನಲ್ಲಿಗೆ ಉಳಿದದ್ದು ಎರಡೇ ಸ್ಥಾನ.

ಆ ಗಂಟು ಬಿಡಿಸಿದ್ದು ಯಾವುದು ಗೊತ್ತೇ? ಪ್ರತಿ ಪಂದ್ಯದ ಮೊದಲು, ಅಭ್ಯಾಸದ ಕೊನೆಯಲ್ಲಿ, ತಂಡದವರು ವೃತ್ತದ ನಡುಬಿಂದುವಿಗೆ ಗುರಿಯಿಟ್ಟು ಬಿಡುವ ಕಲ್ಲುಗಳು. ಕಲ್ಲು ಮಧ್ಯದಿಂದ ಎಷ್ಟು ದೂರ ನಿಂತಿತು ಎಂದು ಸೆಂಟಿಮೀಟರ್‌ಗಳಲ್ಲಿ ಅಳೆದು ಬರೆದಿಡುತ್ತಾರೆ. ಟಿವಿಯಲ್ಲಿ ಯಾರೂ ನೋಡದ ಆ ಕಲ್ಲುಗಳ ಸರಾಸರಿಯಿಂದ ಬ್ರಿಟನ್ ಮತ್ತು ಜಪಾನ್ ಒಳಗೆ ಹೋದವು, ಕೆನಡಾ ಮನೆಗೆ ಹೋಯಿತು. ಮುಂದೆ ಸ್ವೀಡನ್ ವಿರುದ್ಧದ ಸೆಮಿಫೈನಲ್ಲನ್ನು ಹೆಚ್ಚುವರಿ ಎಂಡ್‌ನಲ್ಲಿ (ಎರಡೂ ತಂಡ ತಮ್ಮ ಕಲ್ಲುಗಳನ್ನೆಲ್ಲ ಒಮ್ಮೆ ಬಿಟ್ಟು ಮುಗಿಸುವ ಸುತ್ತೇ ಎಂಡ್) 12-11ರಿಂದ ಗೆದ್ದು, ಫೈನಲ್ಲಿನಲ್ಲಿ ಅದೇ ಜಪಾನನ್ನು 10-3ರಿಂದ ಸೋಲಿಸಿ ಈವ್ ಚಿನ್ನ ಗೆದ್ದರು. ಆ ಕ್ರೀಡಾಕೂಟದಲ್ಲಿ ಬ್ರಿಟನ್ನಿಗೆ ಸಿಕ್ಕ ಒಂದೇ ಚಿನ್ನ ಅದು.

ತಂದೆ ಕೊಟ್ಟದ್ದು ಮೊದಲ ಹತ್ತು ವರ್ಷ. 2018ರಿಂದ 2022ರವರೆಗಿನ ನಾಲ್ಕು ವರ್ಷಗಳನ್ನು ಯಾವ ತಂದೆಯೂ ಕೊಡಲಾರ. ಮನೆತನ ನಿಜವಾಗಿ ಕೊಡುವುದು ಎರಡು: ಮನೆಗೆ ಹತ್ತಿರ ಒಂದು ರಿಂಕ್, ಆಟ ಬಲ್ಲ ಹಿರಿಯರ ಸಹವಾಸ. ಇವೆರಡನ್ನೂ ಊರೂ ಕೊಡಬಲ್ಲದು.

ಇದು ನಿಮ್ಮನ್ನು ಸಮಾಧಾನ ಮಾಡಲು ಹೇಳುವ ಮಾತಲ್ಲ. ದಕ್ಷಿಣ ಕೊರಿಯಾದ ಉಯಿಸೋಂಗ್ ಬೆಳ್ಳುಳ್ಳಿಗೆ ಹೆಸರಾದ ಕೃಷಿ ಸೀಮೆ. ಅಲ್ಲಿ 2006ರಲ್ಲಿ ಒಂದು ಕರ್ಲಿಂಗ್ ಕೇಂದ್ರ ತೆರೆಯಿತು. ಅಲ್ಲಿಯ ಹೈಸ್ಕೂಲಿನ ಕಿಮ್ ಯುನ್-ಜಂಗ್ ಮತ್ತು ಗೆಳತಿ ಕಿಮ್ ಯೋಂಗ್-ಮಿ ಆಡಲು ಶುರು ಮಾಡಿದರು. ಯೋಂಗ್-ಮಿಯ ತಂಗಿ ಗ್ಯೋಂಗ್-ಏ ಅಕ್ಕನಿಗೆ ಏನೋ ಕೊಡಲು ರಿಂಕಿಗೆ ಬಂದವಳು ಅಲ್ಲೇ ಉಳಿದಳು. ತಂಗಿಯ ಸಹಪಾಠಿ ಸೋನ್-ಯೋಂಗ್ ನಾಲ್ಕನೆಯವಳಾದಳು. ಹಿಂದೆ ಯಾವ ಪರಂಪರೆಯೂ ಇಲ್ಲದ ಈ ಗುಂಪು 2018ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಿತು. ಜಪಾನಿನ ಹೊಕ್ಕೈಡೊ ದ್ವೀಪದ ತೊಕೊರೊ ಇನ್ನೂ ಚಿಕ್ಕದು, ಸಮುದ್ರದಂಚಿನ ಮೀನುಗಾರರ, ರೈತರ ಊರು. 1980ರ ಸುಮಾರಿಗೆ ನಿಮ್ಮ ಆಲ್ಬರ್ಟಾ ಪ್ರಾಂತ್ಯದಿಂದಲೇ ಹೊಕ್ಕೈಡೊಗೆ ಈ ಆಟದ ಪಾಠ ಹೋಯಿತು. ಕೊಳ್ಳಲು ಕಲ್ಲುಗಳಿಲ್ಲದಾಗ ತೊಕೊರೊದವರು ಬಿಯರಿನ ಸಣ್ಣ ಪೀಪಾಯಿಗಳಿಂದ ಕಲ್ಲು ಮಾಡಿಕೊಂಡು ಆಡಿದರು. 1988ರಲ್ಲಿ ಜಪಾನಿನಲ್ಲೇ ಮೊದಲ, ಕರ್ಲಿಂಗ್‌ಗೆಂದೇ ಮೀಸಲಾದ ಒಳಾಂಗಣ ಅಲ್ಲಿ ಎದ್ದಿತು. 2018ರಲ್ಲಿ ಈವ್ ಅವರ ಕೈಯಿಂದ ಕಂಚು ಕಸಿದ, 2022ರಲ್ಲಿ ಅವರೆದುರು ಬೆಳ್ಳಿಗೆ ತೃಪ್ತಿಪಟ್ಟ ತಂಡದ ನೆಲೆ ಆ ಊರೇ. ಕಂಚಿನೊಂದಿಗೆ ಮರಳಿದಾಗ ಆ ತಂಡದ ಚಿನಾಮಿ ಯೋಶಿದಾ ಊರವರ ಮುಂದೆ ಮನಸ್ಸು ಬಿಚ್ಚಿ ಮಾತನಾಡಿದರು: ಈ ಊರಿನಲ್ಲಿ ನಿಜಕ್ಕೂ ಏನೂ ಇಲ್ಲ, ಆದರೂ ಇಲ್ಲಿ ಇರದಿದ್ದರೆ ಈ ಕನಸು ನನಸಾಗುತ್ತಿರಲಿಲ್ಲ ಎಂಬ ಅರ್ಥದಲ್ಲಿ. ನೀವಿರುವುದು ಚಳಿಗಾಲದಲ್ಲಿ ಯಾವ ಮೂಲೆಯಿಂದ ಹೊರಟರೂ ಒಂದು ಕ್ಲಬ್ಬು ಸಿಗುವ ನಗರದಲ್ಲಿ. ಹಿನ್ನೆಲೆಯ ಲೆಕ್ಕ ಹಾಕಿದರೆ ನಿಮ್ಮ ಮಗಳು ಉಯಿಸೋಂಗ್‌ನ ಆ ಹುಡುಗಿಯರಿಗಿಂತ ಅನುಕೂಲದಲ್ಲೇ ಇದ್ದಾಳೆ.

ಇನ್ನು ಅವಳಿಗೆ ಅದರಲ್ಲಿ ಏನು ಕಾಣುತ್ತಿದೆ ಎಂಬ ಪ್ರಶ್ನೆ. ನನಗೆ ತುಂಬ ಹಿಡಿಸಿದ ಪ್ರಶ್ನೆ ಇದು. ಹೆಚ್ಚಿನ ತಂದೆತಾಯಂದಿರು ಕೇಳುವುದೇ ಇಲ್ಲ.

ನಮ್ಮವರಿಗೆ ಕರ್ಲಿಂಗ್ ಮೊದಲ ನೋಟಕ್ಕೆ ಐಸಿನ ಮೇಲಿನ ಕೇರಂ ಥರ ಕಾಣುತ್ತದೆ. ಎದುರಾಳಿಯ ಕಾಯಿ ಹೊಡೆದು ಹಾಕುವುದು, ಮರೆಯಲ್ಲಿ ಅಡಗಿಸುವುದು, ಒಂದನ್ನು ತಟ್ಟಿ ಇನ್ನೊಂದನ್ನು ಸರಿಸುವುದು ಎರಡರಲ್ಲೂ ಇವೆ. ಆದರೆ ಕೇರಂನಲ್ಲಿ ಬೆರಳು ಬಿಟ್ಟ ಕ್ಷಣಕ್ಕೆ ಆಟಗಾರನ ಕೆಲಸ ಮುಗಿಯಿತು. ಇಲ್ಲಿ ಕೈಬಿಟ್ಟ ಮೇಲೂ ಕಲ್ಲು ಸುಮಾರು ಇಪ್ಪತ್ತೈದು ಸೆಕೆಂಡ್ ಓಡುತ್ತಿರುತ್ತದೆ, ಆ ಇಪ್ಪತ್ತೈದು ಸೆಕೆಂಡೂ ನಾಲ್ಕು ಜನ ಅದಕ್ಕಾಗಿ ಬದುಕುತ್ತಾರೆ. ಮಗಳು ಆಡುವಾಗ ಗಾಜಿನ ಹಿಂದೆ ಕೂತು ಒಂದೇ ಒಂದು ಕಲ್ಲನ್ನು ಪೂರ್ತಿ ಗಮನಿಸಿ. ಅವಳು ಹ್ಯಾಕ್ ಎಂಬ ರಬ್ಬರ್ ಮೆಟ್ಟಿಲಿಗೆ ಬಲಗಾಲು ಊರಿ ಕುಕ್ಕರಿಸುತ್ತಾಳೆ. ಕಲ್ಲಿನ ತಳವನ್ನು ಒರೆಸುತ್ತಾಳೆ, ಒಂದು ಕೂದಲು ಸಿಕ್ಕಿಕೊಂಡರೂ ಕಲ್ಲು ದಾರಿ ತಪ್ಪುತ್ತದೆ. ಸೊಂಟ ಎತ್ತಿ ತುಸು ಹಿಂದೆ ಸರಿದು, ಕಾಲಿನಿಂದ ತಳ್ಳಿ, ಎಡಗಾಲಿನ ಅಡಿಯ ನುಣುಪಾದ ಸ್ಲೈಡರ್ ಮೇಲೆ ಇಡೀ ದೇಹದ ಭಾರ ಹಾಕಿ ಜಾರುತ್ತಾಳೆ. ಕೈ ಕಲ್ಲನ್ನು ನೂಕುವುದಿಲ್ಲ, ವೇಗವೆಲ್ಲ ಕಾಲಿನದು. ಬಿಡುವ ಮುನ್ನ ಹಿಡಿಕೆಯನ್ನು ನಿಧಾನವಾಗಿ ತಿರುಗಿಸುತ್ತಾಳೆ, ಆಚೆ ತುದಿ ಸೇರುವುದರೊಳಗೆ ಕಲ್ಲು ಎರಡೂವರೆ-ಮೂರು ಸುತ್ತು ಸುತ್ತುವಷ್ಟು. ಬೆರಳು ಬಿಟ್ಟ ಮರುಕ್ಷಣ ಅವಳು ಮಾಡುವ ಕೆಲಸವೆಂದರೆ ಕೂಗುವುದು. ವೇಗ ಕಡಿಮೆಯಾಯಿತೋ ಹೆಚ್ಚಾಯಿತೋ ಅವಳಿಗೆ ಅಂಗೈಯಲ್ಲೇ ಗೊತ್ತಾಗಿರುತ್ತದೆ. ಇಬ್ಬರು ಬ್ರಷ್ ಹಿಡಿದು ಕಲ್ಲಿನ ಮುಂದೆ ಓಡುತ್ತಾ ಎಲ್ಲಿ ನಿಲ್ಲುತ್ತದೆಂದು ಅಂದಾಜಿಸಿ ಕೂಗುತ್ತಾರೆ; ಎದುರು ತುದಿಯಿಂದ ಸ್ಕಿಪ್ ಕಲ್ಲಿನ ದಾರಿಯನ್ನು ನೋಡಿ ಕೂಗುತ್ತಾಳೆ. ಉಜ್ಜಿದರೆ ಐಸಿನ ಮೇಲ್ಮೈ ಒಂದಿಷ್ಟು ಬೆಚ್ಚಗಾಗಿ ಘರ್ಷಣೆ ತಗ್ಗುತ್ತದೆ, ಕಲ್ಲು ಕೆಲವು ಮೀಟರ್ ಮುಂದಕ್ಕೆ ಹೋಗುತ್ತದೆ, ದಾರಿಯೂ ನೇರವಾಗುತ್ತದೆ. ಉಜ್ಜಬೇಕೇ ಬೇಡವೇ ಎಂಬುದನ್ನು ಪ್ರತಿ ಸೆಕೆಂಡೂ ಹೊಸದಾಗಿ ತೀರ್ಮಾನಿಸಬೇಕು. ಹದಿಮೂರು ವರ್ಷದವಳ ಮಾತಿಗೆ ಮೂವರು ಆ ಕ್ಷಣವೇ ಓಗೊಡುವ ಜಾಗ ಜಗತ್ತಿನಲ್ಲಿ ಇನ್ನೆಲ್ಲಿದೆ? ನನ್ನ ಪ್ರಕಾರ ಮಕ್ಕಳನ್ನು ಹಿಡಿದಿಡುವುದರಲ್ಲಿ ಇದಕ್ಕೇ ಮೊದಲ ಸ್ಥಾನ.

ಆಮೇಲೆ ಆ ತಿರುವು. ಒಂದು ಗಾಜಿನ ಲೋಟವನ್ನು ಮೇಜಿನ ಮೇಲೆ ಬೋರಲು ಹಾಕಿ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತಾ ಮುಂದಕ್ಕೆ ಜಾರಿಸಿ. ಅದು ಎಡಕ್ಕೆ ಬಾಗುತ್ತದೆ. ಕರ್ಲಿಂಗ್ ಕಲ್ಲನ್ನು ಅದೇ ರೀತಿ ತಿರುಗಿಸಿ ಬಿಟ್ಟರೆ ಬಲಕ್ಕೆ ಬಾಗುತ್ತದೆ, ಒಂದು ಮೀಟರಿಗೂ ಹೆಚ್ಚು. ಐಸಿನ ಮೇಲೆ ನೀರಿನ ಹನಿ ಚಿಮುಕಿಸಿ ಪೆಬಲ್ ಎಂಬ ಸಣ್ಣ ಗುಳ್ಳೆಗಳನ್ನು ಎಬ್ಬಿಸಿರುತ್ತಾರೆ; ಕಲ್ಲು ಬಟ್ಟಲಿನಂತೆ ಒಳಕ್ಕೆ ತಗ್ಗಿದ ತಳದ ಕಿರಿದಾದ ಉಂಗುರವೊಂದರ ಮೇಲೆ ಮಾತ್ರ ಆ ಗುಳ್ಳೆಗಳನ್ನು ಸವರುತ್ತಾ ಹೋಗುತ್ತದೆ. ಅಷ್ಟಕ್ಕೇ ಲೋಟಕ್ಕೆ ವಿರುದ್ಧವಾಗಿ ಏಕೆ ಬಾಗುತ್ತದೆ? ಉಂಗುರದ ಮುಂಭಾಗ ಗುಳ್ಳೆಗಳ ಮೇಲೆ ಎಳೆದ ಸೂಕ್ಷ್ಮ ಗೀರುಗಳು ಹಿಂಭಾಗಕ್ಕೆ ದಾರಿ ತೋರುತ್ತವೆ ಎಂದು 2013ರಲ್ಲಿ ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ಸಂಶೋಧಕರು ವಾದಿಸಿದರು. ಭೌತವಿಜ್ಞಾನಿಗಳ ನಡುವೆ ಈ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಇದನ್ನು ಹೇಳಿದಾಗ ಮಕ್ಕಳ ಮುಖ ಅರಳುವುದನ್ನು ನೋಡಬೇಕು. ದಿನವೂ ತಮ್ಮ ಕೈಯಿಂದ ಹೊರಡುವ ಕಲ್ಲು ದೊಡ್ಡವರಿಗೂ ಪೂರ್ತಿ ಅರ್ಥವಾಗಿಲ್ಲ ಎಂಬುದು ಅವರಿಗೆ ಎಲ್ಲಿಲ್ಲದ ಖುಷಿ ಕೊಡುತ್ತದೆ.

ಮೂರನೆಯದು ನನಗೆ ಅತ್ಯಂತ ಪ್ರಿಯವಾದದ್ದು. ಒಂದು ಕಿರಿಯರ ಪಂದ್ಯದಲ್ಲಿ ಎರಡೂ ತಂಡ ಸಮಸಮವಾಗಿದ್ದಾಗ ಒಬ್ಬ ಹುಡುಗಿ ಉಜ್ಜುತ್ತಾ ಹೋಗುತ್ತಿದ್ದಳು. ಕಲ್ಲು ವೃತ್ತಕ್ಕೆ ಮುಂಚೆ ಬರುವ ಹಾಗ್ ಲೈನ್ ಎಂಬ ಗೆರೆ ದಾಟಿ ವೃತ್ತದ ಹತ್ತಿರ ಬಂದಿತ್ತು. ಬ್ರಷ್ ಕಲ್ಲಿಗೆ ಸೋಕಿತು. ಎದುರಾಳಿಗಳು ನೋಡಲಿಲ್ಲ, ನಾನೂ ನೋಡಲಿಲ್ಲ. ಅವಳು ಕಲ್ಲು ನಿಲ್ಲುವವರೆಗೆ ಕಾದು, ಕೈಯೆತ್ತಿ, ನನ್ನ ಬ್ರಷ್ ತಗುಲಿತು ಎಂದಳು. ಅಂಥ ಸಂದರ್ಭದಲ್ಲಿ ಏನು ಮಾಡಬೇಕೆಂದು ನಿರ್ಧರಿಸುವ ಹಕ್ಕು ಎದುರಾಳಿಗೆ ಸೇರಿದ್ದು. ಆ ತಂಡದ ಸ್ಕಿಪ್ ಕಲ್ಲನ್ನು ತೆಗೆಸಿದಳು, ತೆಗೆಸುವುದು ನ್ಯಾಯವೂ ಆಗಿತ್ತು. ಆ ಎಂಡ್ ಕೈತಪ್ಪಿತು, ಪಂದ್ಯವೂ ಹೋಯಿತು. ಅವಳ ತಂಡದ ಉಳಿದ ಮೂವರು ಒಂದೇ ಒಂದು ಮಾತು ಆಡಲಿಲ್ಲ. ಆಟಕ್ಕೆ ಮುನ್ನ ಕೈಕುಲುಕುವುದು, ಮುಗಿದ ಮೇಲೆ ಕೈಕುಲುಕುವುದು, ಗೆದ್ದವರು ಸೋತವರೊಂದಿಗೆ ಒಂದೇ ಮೇಜಿನಲ್ಲಿ ಕೂತು ಏನಾದರೂ ಕುಡಿಯುವುದು ಕರ್ಲಿಂಗಿನ ಹಳೆಯ ನಡವಳಿಕೆ. ನಿಮ್ಮ ಮಗಳು ಇದನ್ನೆಲ್ಲ ಕಂಡಿದ್ದಾಳೆ, ನಿಮಗೆ ಹೇಳಿಲ್ಲ ಅಷ್ಟೇ.

ಈಗ ಸ್ಪರ್ಧಾ ತಂಡದ ಮಾತು. ಸೇರಲಿ. ಒಂದು ಎಚ್ಚರಿಕೆ: ಮೊದಲ ವರ್ಷವೇ ಸ್ಕಿಪ್ ಆಗಬೇಕೆಂಬ ಹಟ ಬೇಡ, ಆ ಹಟ ನಿಮ್ಮದೂ ಆಗದಿರಲಿ. ನಾಲ್ವರೂ ಪ್ರತಿ ಎಂಡ್‌ನಲ್ಲಿ ಎರಡೆರಡು ಕಲ್ಲು ಬಿಡುತ್ತಾರೆ. ಮೊದಲ ಎರಡು ಬಿಡುವ ಲೀಡ್ ಸಣ್ಣ ಸ್ಥಾನ ಎಂದು ತಂದೆತಾಯಂದಿರು ಭಾವಿಸುತ್ತಾರೆ. ಆ ಸ್ಥಾನದಲ್ಲಿ ಆಡುವವಳಿಗೆ ಗಾರ್ಡ್ ಎಂಬ ಕಾವಲು ಕಲ್ಲು ಇಡುವ, ಡ್ರಾ ಮಾಡುವ, ಅಂದರೆ ಕಲ್ಲನ್ನು ವೃತ್ತದೊಳಗೆ ತಂದು ನಿಲ್ಲಿಸುವ, ವೇಗದ ಅಳತೆ ಕೈಗೂಡುತ್ತದೆ, ಆಮೇಲೆ ಆರು ಕಲ್ಲುಗಳಿಗೆ ಉಜ್ಜಿ ಐಸನ್ನು ಓದಲು ಬರುತ್ತದೆ. ಬೀಜಿಂಗಿನಲ್ಲಿ ಮೂರು ದೇಶಗಳ ಹಣೆಬರಹ ಬರೆದದ್ದು ಡ್ರಾ ಕಲ್ಲುಗಳು ಎಂಬುದನ್ನು ನೆನಪಿಸಿಕೊಳ್ಳಿ. ಮಕ್ಕಳು ಅಭ್ಯಾಸಕ್ಕೆ ಬಿಟ್ಟರೆ ಹೊಡೆದು ಹಾಕುವುದನ್ನೇ ಮಾಡುತ್ತಿರುತ್ತಾರೆ, ಸದ್ದು ಚೆನ್ನಾಗಿರುತ್ತದಲ್ಲ! ಡ್ರಾ ಅಭ್ಯಾಸ ಮಾಡಿಸುವ ತರಬೇತುದಾರರು ಸಿಕ್ಕರೆ ಅವರನ್ನು ಬಿಡಬೇಡಿ.

ತರಬೇತುದಾರರ ಬಗ್ಗೆ ಇನ್ನೊಂದು ಮಾತು, ಸ್ವಲ್ಪ ಕಟುವಾದದ್ದು. ಉಯಿಸೋಂಗ್‌ನ ಆ ತಂಡ ಬೆಳ್ಳಿ ಗೆದ್ದ ವರ್ಷದ ಕೊನೆಯಲ್ಲೇ ತಮ್ಮನ್ನು ನಡೆಸುತ್ತಿದ್ದವರ ನಿಂದನೆ, ದಬ್ಬಾಳಿಕೆಗಳ ವಿರುದ್ಧ ಬಹಿರಂಗವಾಗಿ ದೂರಿತು. ಸರ್ಕಾರದ ತನಿಖೆ ಆ ದೂರುಗಳನ್ನು ಎತ್ತಿಹಿಡಿಯಿತು. ಅದೇ ಆಟಗಾರ್ತಿಯರು ಮತ್ತೆ ಒಟ್ಟಾಗಿ ಎದ್ದು 2022ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದದ್ದು ಅವರ ದೊಡ್ಡತನ. ಆಟ ಬಾರದ ತಂದೆತಾಯಂದಿರು ತರಬೇತುದಾರರ ಮುಂದೆ ಬಾಯಿ ಬಿಡಲು ಹಿಂಜರಿಯುತ್ತಾರೆ, ಪರದೇಶದಲ್ಲಿ ಇನ್ನೂ ಹೆಚ್ಚು. ಹಿಂಜರಿಯಬೇಡಿ. ಮಗಳು ರಿಂಕಿನಿಂದ ಸೋತು ಬಂದರೆ ಚಿಂತೆಯಿಲ್ಲ. ಬೈಗುಳಕ್ಕೆ ಹೆದರಿ ಬಂದರೆ ಅಂದೇ ಹೋಗಿ ಕೇಳಿ.

ಓದಿನ ವಿಷಯದಲ್ಲಿ ನಿಮಗೆ ಧೈರ್ಯ ಹೇಳುವುದು ಸುಲಭ. ಇದರಲ್ಲಿ ಅಗ್ರಸ್ಥಾನಕ್ಕೆ ಹೋದವರಲ್ಲೂ ಬಹಳ ಮಂದಿ ಬೇರೆ ಉದ್ಯೋಗ ಇಟ್ಟುಕೊಂಡವರು. ಸೋಚಿಯಲ್ಲಿ ಒಂದೂ ಪಂದ್ಯ ಸೋಲದೆ ಚಿನ್ನ ಗೆದ್ದ ವಿನಿಪೆಗ್‌ನ ಜೆನಿಫರ್ ಜೋನ್ಸ್ ವಕೀಲೆ. ಈವ್ ಅವರ ಚಿನ್ನದ ತಂಡದ ವಿಕಿ ರೈಟ್ ನರ್ಸ್. ಕೋವಿಡ್ ಕಾಲದಲ್ಲಿ ಆಸ್ಪತ್ರೆಯ ವಾರ್ಡಿನಲ್ಲಿ ದುಡಿದವರು. ಕರ್ಲಿಂಗ್ ಹೊಟ್ಟೆ ತುಂಬಿಸುತ್ತದೆ ಎಂದು ನಂಬಿ ಯಾರೂ ಇದಕ್ಕೆ ಬರುವುದಿಲ್ಲ, ಹಾಗಾಗಿ ಓದು ಬಿಡಿ ಎನ್ನುವ ಒತ್ತಡ ಇಲ್ಲಿ ಬೇರೆ ಆಟಗಳಿಗಿಂತ ಕಡಿಮೆ. ಪಂದ್ಯಾವಳಿಗಳು ಹೆಚ್ಚಾಗಿ ವಾರಾಂತ್ಯದಲ್ಲಿ. ಶುಕ್ರವಾರದ ಮಧ್ಯಾಹ್ನ ಆಗಾಗ ಶಾಲೆ ತಪ್ಪುತ್ತದೆ. ಅದನ್ನು ಶಿಕ್ಷಕರಿಗೆ ವರ್ಷದ ಆರಂಭದಲ್ಲೇ ತಿಳಿಸಿಡಿ.

ದೇಹದ ಬಗ್ಗೆ ಚಿಕ್ಕದಾಗಿ: ಹಿಂದಕ್ಕೆ ಅಂಗಾತ ಬೀಳುವುದು ಇಲ್ಲಿಯ ದೊಡ್ಡ ಅಪಾಯ, ತಲೆಗೆ ಪೆಟ್ಟು ಬೀಳುತ್ತದೆ. ತಲೆಗೆ ರಕ್ಷಣೆ ಹಾಕಿಸಿ, ಅವಳು ಬೇಡವೆಂದರೂ. ಜಾರದಿರುವಾಗ ಸ್ಲೈಡರ್ ಮೇಲೆ ರಬ್ಬರಿನ ಗ್ರಿಪ್ಪರ್ ಇರಲೇಬೇಕು. ಸೊಂಟ, ಮೊಣಕಾಲಿಗೆ ವ್ಯಾಯಾಮ ಈಗಿನಿಂದಲೇ ಬೇಕು, ಈವ್ ಅವರ ಶಸ್ತ್ರಚಿಕಿತ್ಸೆಯನ್ನು ಓದಿದಿರಲ್ಲ. ಬೇಸಿಗೆಯಲ್ಲಿ ಬೇರೆ ಯಾವುದಾದರೂ ಆಟ ಆಡಲಿ. ಸಲಕರಣೆಗೆ ಮೊದಲ ವರ್ಷ ಹೆಚ್ಚು ಸುರಿಯಬೇಡಿ: ಕಲ್ಲು ಕ್ಲಬ್ಬಿನದು, ಬ್ರಷ್ಷನ್ನೂ ಅಲ್ಲೇ ಕೊಡುತ್ತಾರೆ, ಕಾಲಿಗೆ ಸರಿಹೊಂದುವ ಶೂ ಒಂದು ಸಾಕು.

ಕೊನೆಗೆ, ಆಟ ಗೊತ್ತಿಲ್ಲದ ನೀವು ಏನು ಮಾಡಬೇಕು? ಕಲಿಯಿರಿ. ಚಳಿಗಾಲ ಶುರುವಾಗುವ ಹೊತ್ತಿಗೆ ಬಹುತೇಕ ಕ್ಲಬ್ಬುಗಳು ದೊಡ್ಡವರಿಗೆ ಮೊದಲ ಪಾಠದ ತರಗತಿ ಇಟ್ಟಿರುತ್ತವೆ. ಐವತ್ತು, ಅರವತ್ತು ದಾಟಿದವರೂ ಬರುತ್ತಾರೆ. ಕುಕ್ಕರಿಸಲು ಮೊಣಕಾಲು ಕೇಳದಿದ್ದರೆ ನಿಂತೇ ಕೋಲಿನಿಂದ ಕಲ್ಲು ತಳ್ಳಬಹುದು, ಅದಕ್ಕೇ ಬೇರೆ ಲೀಗುಗಳಿವೆ. ಗಂಡ ಹೆಂಡತಿ ಇಬ್ಬರೂ ಹೆಸರು ಕೊಡಿ. ನಿಮಗೆ ಆಟ ಬಂದರೆ ಮಗಳಿಗೆ ಸಲಹೆ ಕೊಡಬಹುದು ಎಂಬ ಕಾರಣಕ್ಕೆ ಇದನ್ನು ಹೇಳುತ್ತಿಲ್ಲ. ದಯವಿಟ್ಟು ಕೊಡಬೇಡಿ, ಕಾರಿನಲ್ಲಿ ಮನೆಗೆ ಬರುವಾಗಲಂತೂ ಬೇಡವೇ ಬೇಡ. ಪಂದ್ಯ ಮುಗಿಸಿ ಬಂದವಳು ಏಳನೆಯ ಎಂಡ್‌ನ ಆ ಕಲ್ಲಿನ ಬಗ್ಗೆ ತಾನಾಗಿ ಬಾಯಿ ಬಿಟ್ಟಾಗ, ಅವಳು ಯಾವ ಕಲ್ಲಿನ ಮಾತು ಆಡುತ್ತಿದ್ದಾಳೆ ಎಂಬುದಾದರೂ ನಿಮಗೆ ಗೊತ್ತಿರಲಿ.